ಮಕ್ಕಳ ಕೈಗೆ ಮೊದಲ ಮೆಟಲ್ ಡಿಟೆಕ್ಟರ್

ಆಂಡಿಪಟ್ಟಿ, ತೇನಿ, ಬೋಡಿ, ಕಂಬಂ, ದಿಂಡಿಗಲ್ ಕಡೆಗಳಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬಾಳುತ್ತಿರುವ ನಮ್ಮೆಲ್ಲರ ಮನೆಗಳಲ್ಲೂ ಈಗ ರಜೆಗೆ ಮೊಮ್ಮಕ್ಕಳು ಬರುವ ಕಾಲ. ಹಿಂದೆ ಮಕ್ಕಳು ಬುಗುರಿ ಕೇಳುತ್ತಿದ್ದರು, ಗೋಲಿ ಕೇಳುತ್ತಿದ್ದರು, ಬಹಳವೆಂದರೆ ಒಂದು ಸೈಕಲ್ ಕೇಳುತ್ತಿದ್ದರು. ಈಗ ಕೆಲವು ಮಕ್ಕಳು 'ತಾತ, ನನಗೆ ಮೆಟಲ್ ಡಿಟೆಕ್ಟರ್ ಬೇಕು' ಎಂದು ಕೇಳುತ್ತಾರೆ. ನೆಲದ ಮೇಲೆ ಒಂದು ತಟ್ಟೆಯನ್ನು ಆಡಿಸುತ್ತಾ ಹೋದರೆ, ಕೆಳಗೆ ಲೋಹವಿದ್ದಲ್ಲಿ ಕೂಗುವ ಯಂತ್ರ ಅದು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಅದನ್ನು ಅಲ್ಲಿಂದಲೇ ತರಿಸಿ ಕಳುಹಿಸುವುದೂ ಉಂಟು. ಆದರೆ ಅಂಥದ್ದರಲ್ಲಿ ಯಾವುದನ್ನು ಕೊಳ್ಳಬೇಕು, ಕೊಂಡಮೇಲೆ ಏನು ಮಾಡಬೇಕು ಎಂದು ಹೇಳುವವರು ನಮ್ಮ ಊರುಗಳಲ್ಲಿ ಕಡಿಮೆ.

ನಾನು ಓದಿದ್ದು ಮೆಟ್ರಿಕ್ ಮಾತ್ರ. ವಿಜ್ಞಾನಿಯಲ್ಲ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾಣ್ಯ ಎಣಿಸಿ ಕೂದಲು ನೆರೆಸಿಕೊಂಡವನು. ಯಾವ ಕಾಸು ಯಾವ ಲೋಹ, ಯಾವುದು ಹೇಗೆ ಸದ್ದು ಮಾಡುತ್ತದೆ ಎಂಬುದು ಕೈಗೂ ಕಿವಿಗೂ ಅಭ್ಯಾಸವಾಗಿದೆ. ಆ ಅಭ್ಯಾಸದ ಬಲದಿಂದ ನಾಲ್ಕು ಮಾತು ಹೇಳುತ್ತೇನೆ. ಮೊದಲಿಗೇ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಯಂತ್ರ 'ಇಲ್ಲಿ ಲೋಹ ಇದೆ' ಎಂದು ಹೇಳುತ್ತದೆ, ಅಷ್ಟೇ. ಆ ಸದ್ದು ಕೇಳಿದ ಮೇಲೆ ಮಗು ಏನು ಮಾಡಬೇಕು ಎಂಬುದನ್ನು ಹೇಳಿಕೊಡಬೇಕಾದವರು ನಾವು. ಯಂತ್ರವನ್ನು ಆರಿಸುವಾಗಲೂ ಈ ಎರಡನೆಯ ಕೆಲಸವನ್ನು ಮರೆಯಬಾರದು.

ಈ ಯಂತ್ರ ನಿಮಗೆ ಹೊಸದೇನಲ್ಲ. ಮಧುರೆಯ ಮೀನಾಕ್ಷಿ ಅಮ್ಮನ ಗುಡಿಗೆ ಹೋದವರೆಲ್ಲ ಬಾಗಿಲಲ್ಲಿ ನಿಲ್ಲಿಸಿರುವ ಚೌಕಟ್ಟನ್ನು ನುಸುಳಿಯೇ ಒಳಗೆ ಹೋಗಿದ್ದೀರಿ. ಕೆಲಸದ ತತ್ವ ಎರಡರದ್ದೂ ಒಂದೇ. ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯಿಂದ ಅದರಲ್ಲಿ ಹಿಂದೆ ಮುಂದೆ ಹರಿಯುವ ವಿದ್ಯುತ್ತನ್ನು ಬಿಡುತ್ತಾರೆ. ಸೆಕೆಂಡಿಗೆ ಕೆಲವು ಸಾವಿರ ಸಲ ಅದು ದಿಕ್ಕು ಬದಲಾಯಿಸುತ್ತದೆ. ಅದರಿಂದ ಸುತ್ತಲೂ ಅಯಸ್ಕಾಂತ ಶಕ್ತಿ ಹರಡುತ್ತದೆ. ಆ ಶಕ್ತಿ ಮಣ್ಣಿನಲ್ಲಿರುವ ಕಾಸನ್ನೋ ಮೊಳೆಯನ್ನೋ ಮುಟ್ಟಿದಾಗ ಅದರೊಳಗೂ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳಿಂದ ತಿರುಗಿ ಬರುವ ಸೂಚನೆಯನ್ನು ಇನ್ನೊಂದು ಸುರುಳಿ ಹಿಡಿದು ಸದ್ದು ಮಾಡುತ್ತದೆ. ಕೆರೆಯಲ್ಲಿ ಕಲ್ಲು ಹಾಕಿದಾಗ ಅಲೆ ದಡಕ್ಕೆ ಬಡಿದು ಹಿಂದಿರುಗುವಂತೆ ಎಂದು ಮಕ್ಕಳಿಗೆ ಹೇಳಿದರೆ ತಿಳಿಯುತ್ತದೆ.

ಇದರ ಕಥೆ ಹಳೆಯದು. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಒಬ್ಬ ಗುಂಡು ಹೊಡೆದ. ಗುಂಡು ಮೈಯೊಳಗೆ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಇಂಥದ್ದೇ ಒಂದು ಉಪಕರಣ ಮಾಡಿಕೊಂಡು ಬಂದರು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲೇ ಲೋಹದ ಸ್ಪ್ರಿಂಗುಗಳಿದ್ದವು, ವೈದ್ಯರು ಹುಡುಕಲು ಬಿಟ್ಟದ್ದೂ ಮೈಯ ಒಂದೇ ಪಕ್ಕವನ್ನು. ಗುಂಡು ಸಿಗಲಿಲ್ಲ. ಅಧ್ಯಕ್ಷರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮುಂದೆ ಅಮೆರಿಕದಲ್ಲಿ ನೆಲೆಸಿದ್ದ ಗೆರ್ಹಾರ್ಡ್ ಫಿಷರ್ ಎಂಬವರು 1937ರಲ್ಲಿ ಕೈಯಲ್ಲಿ ಹಿಡಿದೊಯ್ಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾತ್ಸ್ಕಿ ಮಾಡಿದ ಯಂತ್ರದಿಂದ 1942ರಲ್ಲಿ ಎಲ್ ಅಲಮೇನ್ ಮರಳುಗಾಡಿನಲ್ಲಿ ನೆಲಬಾಂಬುಗಳನ್ನು ಪತ್ತೆ ಮಾಡಿದರು. ಸುತ್ತಮುತ್ತ ಬೇರೆ ಲೋಹವಿದ್ದರೆ ಯಂತ್ರ ಮೋಸಹೋಗುತ್ತದೆ ಎಂಬ ಬೆಲ್ ಅವರ ಅನುಭವ ಇಂದಿಗೂ ಅಷ್ಟೇ ನಿಜ.

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಮಗುವಿಗೆ ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ತೂಕ. ದೊಡ್ಡವರ ಯಂತ್ರಗಳು ಒಂದು ಕಿಲೋ, ಒಂದೂಕಾಲು ಕಿಲೋ, ಅದಕ್ಕೂ ಹೆಚ್ಚು ತೂಗುತ್ತವೆ. ಒಂದು ಕಿಲೋ ಏನು ಮಹಾ ಎನಿಸಬಹುದು. ಆದರೆ ಅದನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು ಅರ್ಧ ಗಂಟೆ ಎಡಕ್ಕೂ ಬಲಕ್ಕೂ ಆಡಿಸಬೇಕು. ಎಂಟು ಹತ್ತು ವಯಸ್ಸಿನ ಮಗುವಿನ ಮಣಿಕಟ್ಟು ಹತ್ತು ನಿಮಿಷದಲ್ಲಿ ಸೋಲುತ್ತದೆ. ಮುಕ್ಕಾಲು ಕಿಲೋ ಒಳಗಿದ್ದರೆ ಒಳ್ಳೆಯದು. ಮೊಳಕೈಗೆ ಆಸರೆ ಕೊಡುವ ತೊಟ್ಟಿಲಿನಂಥ ಭಾಗ ಇರಲೇಬೇಕು. ಅಂಗಡಿಯಲ್ಲಿ ಕೊಳ್ಳುವುದಾದರೆ ಮಗುವನ್ನು ಕರೆದೊಯ್ದು ಹತ್ತು ನಿಮಿಷ ಹಿಡಿಸಿ ನೋಡಿ. ಅಂಚೆಯಲ್ಲಿ ತರಿಸುವುದಾದರೆ ಅಷ್ಟೇ ತೂಕದ ಅಕ್ಕಿಯ ಚೀಲವನ್ನು ಕೋಲಿನ ತುದಿಗೆ ಕಟ್ಟಿ ಆಡಿಸಲು ಹೇಳಿ. ಉತ್ತರ ತಾನೇ ಸಿಗುತ್ತದೆ.

ಎರಡನೆಯದು ಉದ್ದ. ಮಗು ನೆಟ್ಟಗೆ ನಿಂತಾಗ ತಟ್ಟೆ ನೆಲದಿಂದ ಒಂದು ಅಂಗುಲ ಮೇಲಿರಬೇಕು. ಬೆನ್ನು ಬಗ್ಗಬಾರದು. ಕೋಲನ್ನು ಉದ್ದ ಗಿಡ್ಡ ಮಾಡುವಂತಿದ್ದರೆ ಮೂರು ನಾಲ್ಕು ವರ್ಷ ಬಾಳುತ್ತದೆ, ಕೊಟ್ಟ ಹಣಕ್ಕೆ ನ್ಯಾಯ.

ಮೂರನೆಯದು ತಟ್ಟೆಯ ಅಗಲ. ದೊಡ್ಡ ತಟ್ಟೆ ಆಳಕ್ಕೆ ನೋಡುತ್ತದೆ, ಆದರೆ ಭಾರ. ಸಣ್ಣ ತಟ್ಟೆ ಹಗುರ, ಹತ್ತಿರ ಹತ್ತಿರ ಬಿದ್ದಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ತಟ್ಟೆ ಎಷ್ಟು ಅಂಗುಲ ಅಗಲವೋ ಸುಮಾರು ಅಷ್ಟೇ ಅಂಗುಲ ಆಳದಲ್ಲಿರುವ ಕಾಸನ್ನು ಅದು ಹಿಡಿಯಬಹುದು ಎಂಬುದು ಒಂದು ಅಂದಾಜು ಲೆಕ್ಕ. ಮಕ್ಕಳಿಗೆ ಆರು ಅಂಗುಲದ ತಟ್ಟೆ ಧಾರಾಳ ಸಾಕು. 'ಮೂರು ಅಡಿ ಆಳದ ಚಿನ್ನ ತೋರಿಸುತ್ತದೆ' ಎಂದು ಹೊಗಳುವ ಯಂತ್ರ ಮಗುವಿಗೆ ಬೇಡ. ಆಳ ತೋರಿಸಿದರೆ ಮಗು ಆಳ ತೋಡುತ್ತದೆ. ಅದು ಏಕೆ ಬೇಡವೆಂದು ಮುಂದೆ ಹೇಳುತ್ತೇನೆ.

ನಾಲ್ಕನೆಯದು ಸದ್ದು ಮತ್ತು ಗುಂಡಿಗಳು. ಕಬ್ಬಿಣಕ್ಕೆ ಒಂದು ಸ್ವರ, ತಾಮ್ರ ಬೆಳ್ಳಿಗಳಿಗೆ ಇನ್ನೊಂದು ಸ್ವರ, ಹೀಗೆ ಎರಡು ಮೂರು ಸ್ವರ ಇರುವ ಯಂತ್ರ ಕೊಳ್ಳಿ. ಮಗು ಕಿವಿಯಿಂದ ಕಲಿಯುತ್ತದೆ. ಪರದೆಯ ತುಂಬ ಅಂಕಿಗಳಿರುವುದು ಮೊದಲ ವರ್ಷಕ್ಕೆ ಬೇಡ. ಚಾಲೂ ಮಾಡುವ ಗುಂಡಿ, ಸೂಕ್ಷ್ಮತೆ ಹೆಚ್ಚು ಕಡಿಮೆ ಮಾಡುವ ಗುಂಡಿ, ಕಬ್ಬಿಣವನ್ನು ಬಿಟ್ಟುಬಿಡುವ ಗುಂಡಿ, ಇಷ್ಟಿದ್ದರೆ ಆಯಿತು. ಬ್ಯಾಟರಿ ನಮ್ಮೂರ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಆದರೆ ಲೇಸು. ತಟ್ಟೆಗೆ ನೀರು ತಗುಲಿದರೂ ಕೆಡದಂತಿರಬೇಕು. ಏಕೆಂದರೆ ಮಕ್ಕಳು ಒದ್ದೆ ಹುಲ್ಲಿಗೆ ಹೋಗದೆ ಇರುವುದಿಲ್ಲ. ಹಾಗೆಂದು ಮೇಲಿನ ಡಬ್ಬಿಯನ್ನು ನೀರಿಗೆ ಮುಳುಗಿಸಬಾರದು.

ಹಣ ಎಷ್ಟು ಹಾಕಬೇಕು ಎಂದು ಕೇಳುತ್ತೀರಿ. ಮಗುವಿಗೆ ಒಂದು ಸಾಧಾರಣ ಸೈಕಲ್ ಕೊಡಿಸಲು ಎಷ್ಟು ಖರ್ಚು ಮಾಡುವಿರೋ ಅದನ್ನು ಮೀರಬೇಡಿ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ತೀರ ಅಗ್ಗದ ಆಟಿಕೆಯೂ ಬೇಡ. ಕೆಲವು ಆಟಿಕೆಗಳು ನೆಲದ ಮೇಲಿರುವ ಕಾಸಿಗೆ ಮಾತ್ರ ಕೂಗುತ್ತವೆ. ಎರಡು ಅಂಗುಲ ಮಣ್ಣು ಮುಚ್ಚಿದರೆ ಮೌನ. ಎರಡೇ ದಿನದಲ್ಲಿ ಮಗುವಿಗೆ ಬೇಸರವಾಗಿ ಅಟ್ಟಕ್ಕೆ ಸೇರುತ್ತದೆ. ರಿಪೇರಿಗೆ ಎಲ್ಲಿಗೆ ಕಳುಹಿಸಬೇಕು, ಗ್ಯಾರಂಟಿ ಚೀಟಿಗೆ ನಮ್ಮ ದೇಶದಲ್ಲಿ ಬೆಲೆ ಇದೆಯೇ ಎಂಬುದನ್ನೂ ಕೇಳಿ ತಿಳಿಯಿರಿ.

ಇಲ್ಲಿಯೇ ಒಂದು ಎಚ್ಚರಿಕೆ. ಕೈಯಲ್ಲಿ ಹಿಡಿದು ನಿಂತರೆ ದೂರದ ನಿಧಿಯ ಕಡೆಗೆ ತಾನಾಗಿ ತಿರುಗುವ ಕಡ್ಡಿ ಎಂದು ಲಕ್ಷಗಟ್ಟಲೆ ಹಣಕ್ಕೆ ಮಾರುವವರಿದ್ದಾರೆ. ಅಂಥ ಕಡ್ಡಿಯಲ್ಲಿ ಏನೂ ಇರುವುದಿಲ್ಲ. ಇಂಗ್ಲೆಂಡಿನ ಜೇಮ್ಸ್ ಮೆಕ್‌ಕಾರ್ಮಿಕ್ ಎಂಬಾತ ಗಾಲ್ಫ್ ಚೆಂಡು ಹುಡುಕುವ ಇಂಥದ್ದೇ ಒಂದು ಆಟದ ವಸ್ತುವನ್ನು ಬಾಂಬು ಪತ್ತೆಯ ಯಂತ್ರವೆಂದು ಹೇಳಿ ಇರಾಕ್ ಸರ್ಕಾರಕ್ಕೇ ಮಾರಿದ. ಅದನ್ನು ನಂಬಿ ತಪಾಸಣೆ ಮಾಡಿದ ಕಡೆಗಳಲ್ಲಿ ಬಾಂಬುಗಳು ಹಾಗೆಯೇ ದಾಟಿಹೋದವು. 2013ರಲ್ಲಿ ಅವನಿಗೆ ಹತ್ತು ವರ್ಷ ಸೆರೆವಾಸ ಆಯಿತು. ಒಂದು ದೇಶವೇ ಮೋಸಹೋದ ಮೇಲೆ ನಾವೂ ನೀವೂ ಎಷ್ಟರವರು?

ಯಂತ್ರ ಮನೆಗೆ ಬಂತು ಎನ್ನಿ. ಮೊದಲ ದಿನ ಹೊಲಕ್ಕೆ ಓಡಬೇಡಿ. ಮನೆಯಲ್ಲಿರುವ ಚಿಲ್ಲರೆ ಡಬ್ಬಿ ತೆಗೆಯಿರಿ. ನಮ್ಮ ದೇಶದ ನಾಣ್ಯಗಳೇ ಮಗುವಿನ ಮೊದಲ ಪಾಠ. 1965ರ ನಂತರದ ಹಗುರವಾದ ಒಂದು ಪೈಸೆ, ಅಲೆ ಅಂಚಿನ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ ಅಲ್ಯೂಮಿನಿಯಂ. 1992ಕ್ಕೆ ತುಸು ಮುಂಚಿನ ದೊಡ್ಡ ರೂಪಾಯಿ ತಾಮ್ರ ಮತ್ತು ನಿಕ್ಕಲ್ ಬೆರಕೆ. 1992ರಿಂದ ಬಂದ ಚಿಕ್ಕ ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್, ಅದೂ ಅಯಸ್ಕಾಂತಕ್ಕೆ ಅಂಟುವ ಜಾತಿಯದು. 1943ರಿಂದ 1947ರವರೆಗೆ ಟಂಕಿಸಿದ ನಡುವೆ ತೂತಿರುವ ಕಾಸು ಕಂಚಿನದು. 1947ರ, ಹಿಂಬದಿಯಲ್ಲಿ ಹುಲಿ ಇರುವ ರೂಪಾಯಿ ಶುದ್ಧ ನಿಕ್ಕಲ್. ಅದೂ ಅಯಸ್ಕಾಂತಕ್ಕೆ ಅಂಟುತ್ತದೆ. ಇವನ್ನು ಒಂದು ಹಲಗೆಯ ಮೇಲೆ ಸಾಲಾಗಿಟ್ಟು ಒಂದೊಂದರ ಮೇಲೂ ತಟ್ಟೆ ಆಡಿಸಿ, ಯಾವುದಕ್ಕೆ ಯಾವ ಸ್ವರ ಎಂದು ಮಗುವೇ ನೋಟು ಪುಸ್ತಕದಲ್ಲಿ ಬರೆಯಲಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೊರದೇಶದ ಯಂತ್ರಗಳನ್ನು ಅವರವರ ದೇಶದ ನಾಣ್ಯಕ್ಕೆ ಹೊಂದಿಸಿ ಮಾಡಿರುತ್ತಾರೆ. 'ಕಬ್ಬಿಣ ಬೇಡ' ಎಂಬ ಗುಂಡಿಯನ್ನು ಒತ್ತಿದರೆ ನಮ್ಮ ಸ್ಟೀಲ್ ರೂಪಾಯಿ ಕೂಡ ಕಬ್ಬಿಣದ ಲೆಕ್ಕಕ್ಕೆ ಸೇರಿ, ಯಂತ್ರ ಅದನ್ನು ಬಿಟ್ಟುಬಿಡಬಹುದು. ಯಂತ್ರ ಕೆಟ್ಟಿದೆ ಎಂದು ಮಗು ಅಳಬಾರದು. ಆದ್ದರಿಂದ ಆರಂಭದಲ್ಲಿ ಆ ಗುಂಡಿಯನ್ನು ಮುಟ್ಟದೆ ಎಲ್ಲ ಲೋಹಕ್ಕೂ ಕೂಗುವಂತೆಯೇ ಇಡಿ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. ಹಿತ್ತಲಿನಲ್ಲಿ ಅವು ಸಿಕ್ಕರೆ ಅಂಗಡಿಯಲ್ಲಿ ಬೆಲೆ ಇಲ್ಲ. ಆದರೆ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಅದಕ್ಕೂ ಮುಂಚೆ ರೂಪಾಯಿಗೆ ಹದಿನಾರು ಆಣೆ ಎಂದು ಮೊಮ್ಮಗನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಎರಡನೆಯ ಪಾಠ ಮಣ್ಣು. ನಮ್ಮ ಕಡೆಯ ಕೆಂಪು ಮಣ್ಣಿನ ಬಣ್ಣ ಬಂದಿರುವುದೇ ಕಬ್ಬಿಣದ ಅಂಶದಿಂದ. ಸೂಕ್ಷ್ಮತೆಯನ್ನು ಪೂರ್ತಿ ಏರಿಸಿದರೆ ಬರಿಯ ಮಣ್ಣಿಗೂ ಯಂತ್ರ ಕೂಗಬಹುದು. ಹೊಳೆಯ ಮರಳಿನಲ್ಲಿ ಕಪ್ಪು ಪಟ್ಟೆ ಇರುವಲ್ಲೂ ಹಾಗೆಯೇ. ಆಗ ಸೂಕ್ಷ್ಮತೆಯನ್ನು ಸ್ವಲ್ಪ ತಗ್ಗಿಸಬೇಕು. ಕಂಬಂ ಕಣಿವೆಯ ದ್ರಾಕ್ಷಿ ತೋಟಕ್ಕೆ ಹೋದರೆ ತಲೆಯ ಮೇಲೆ ಚಪ್ಪರದ ತಂತಿ, ಬುಡದಲ್ಲಿ ಬಿದ್ದ ತಂತಿಯ ತುಂಡು. ಅಲ್ಲಿ ಯಂತ್ರಕ್ಕೆ ತಲೆ ತಿರುಗುತ್ತದೆ. ಪಂಪ್‌ಸೆಟ್ಟಿನ ಹತ್ತಿರ, ಕರೆಂಟು ಕಂಬದ ಕೆಳಗೆ, ಸೊಂಟದಲ್ಲಿ ಮೊಬೈಲ್ ಇದ್ದಾಗ ಸುಮ್ಮಸುಮ್ಮನೆ ಕೂಗುತ್ತದೆ. ಮೊದಲ ಸಲ ಹೊರಡುವಾಗ ತೆರೆದ ಬಯಲು, ಒಕ್ಕಣೆ ಮುಗಿದ ಕಣ, ಸ್ವಂತ ಹಿತ್ತಲು ಇವು ಸರಿಯಾದ ಜಾಗ.

ಅಲ್ಲಿ ಏನು ಸಿಗುತ್ತದೆ? ಮೊದಲೇ ಹೇಳಿಬಿಡಿ, ಚಿನ್ನ ಸಿಗುವುದಿಲ್ಲ. ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಎತ್ತಿನ ಲಾಳ, ಮುರಿದ ಕುಡುಗೋಲಿನ ತುದಿ, ಟಾರ್ಚಿನ ಹಳೆಯ ಸೆಲ್ಲು. ಇವೂ ಬರಿಯ ಕಸವಲ್ಲ. ಈಗ ಟ್ರಾಕ್ಟರ್ ಓಡುವ ಹೊಲದಲ್ಲಿ ಎತ್ತಿನ ಲಾಳ ಸಿಕ್ಕಿದರೆ, ಅಲ್ಲಿ ಒಂದು ಕಾಲಕ್ಕೆ ಎತ್ತುಗಳು ನಡೆದಿದ್ದವು ಎಂದು ಮಗುವಿಗೆ ತಿಳಿಯುತ್ತದೆ. ಇನ್ನೂ ಒಂದು ಉಪಯೋಗ ಇದೆ. ಹೂ ಕೊಯ್ಯುವಾಗ ತೋಟದಲ್ಲಿ ಬಿದ್ದ ಕಾಲುಂಗುರ, ಒಕ್ಕುವಾಗ ಕಳೆದ ಗೊಲಸು, ಬೀಗದ ಕೈ, ಮೂಗುಬೊಟ್ಟು. ಇಂಥದ್ದನ್ನು ಹುಡುಕಿಕೊಟ್ಟ ಮಗುವಿಗೆ ಊರಿನವರು ಹೇಳುವ ಮೆಚ್ಚುಗೆ ಯಾವ ನಿಧಿಗೂ ಕಡಿಮೆಯಲ್ಲ.

ಈಗ ಅಪಾಯದ ಮಾತು. ನಮ್ಮ ಭಾಗದಲ್ಲಿ ಬಾವಿ ತೋಡುವುದು ಎಂದರೆ ಬಂಡೆ ಒಡೆಯುವುದು. ಬಂಡೆಗೆ ಮದ್ದು ತುಂಬಿ ಸಿಡಿಸಲು ಡಿಟೋನೇಟರ್ ಬಳಸುತ್ತಾರೆ. ಕೆಲಸದವರ ಬಾಯಲ್ಲಿ ಅದು ಕೇಪು. ಪೆನ್ಸಿಲಿನ ದಪ್ಪದ ಸಣ್ಣ ಲೋಹದ ಕೊಳವೆ, ಕೆಲವಕ್ಕೆ ಎರಡು ಬಣ್ಣದ ತಂತಿ ಹೊರಬಂದಿರುತ್ತದೆ. ಸಿಡಿಯದೆ ಉಳಿದ ಒಂದು ಕೇಪು ಬಾವಿಯ ಮಣ್ಣಿನ ರಾಶಿಯಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು. ಮೆಟಲ್ ಡಿಟೆಕ್ಟರಿಗೆ ಅದೂ ಒಂದು ಲೋಹ, ಅದಕ್ಕೂ ಕೂಗುತ್ತದೆ. ಅದನ್ನು ಜಜ್ಜಿದರೆ, ತಂತಿಯನ್ನು ಬ್ಯಾಟರಿಗೆ ಮುಟ್ಟಿಸಿದರೆ ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ. ಆದ್ದರಿಂದ ಬಾವಿಯ ಮಣ್ಣಿನ ದಿಬ್ಬ, ಕಲ್ಲುಕ್ವಾರಿ, ಅದರ ಸುತ್ತಲಿನ ಜಾಗಕ್ಕೆ ಮಗುವನ್ನು ಈ ಯಂತ್ರದೊಂದಿಗೆ ಕಳುಹಿಸಲೇಬೇಡಿ. ಗುರುತು ತಿಳಿಯದ ಕೊಳವೆ, ಉಂಡೆ, ಡಬ್ಬಿ ಕಂಡರೆ ಮುಟ್ಟದೆ ಹಿಂದೆ ಸರಿದು ದೊಡ್ಡವರನ್ನು ಕರೆಯಬೇಕು. ದೊಡ್ಡವರೂ ಅದನ್ನು ಎತ್ತದೆ 112ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಬೇಕು. ನೆಲದಡಿಯ ಪಂಪಿನ ಕೇಬಲ್, ಒಡೆದ ಗಾಜು, ಕಲ್ಲಿನಡಿಯ ಚೇಳು ಇವೂ ಇವೆ. ಕಾಲಿಗೆ ಬೂಟು, ಕೈಗೆ ದಪ್ಪ ಗವಸು, ಜೊತೆಗೆ ಒಬ್ಬ ದೊಡ್ಡವರು, ಈ ಮೂರೂ ಇಲ್ಲದೆ ಹೊರಡಬಾರದು.

ಇನ್ನು, ಆಳ ತೋಡಬಾರದು ಎಂದೆನಲ್ಲ, ಅದಕ್ಕೆ ಕಾರಣ ಹೇಳುತ್ತೇನೆ. ನಾವು ಬಾಳುತ್ತಿರುವ ನೆಲ ಸಾಮಾನ್ಯವಾದದ್ದಲ್ಲ. ನಮ್ಮ ಆಂಡಿಪಟ್ಟಿ ತಾಲೂಕಿನಲ್ಲೇ ವೈಗೈ ದಡದ ಪುಲಿಮಾನ್‌ಕೊಂಬೈ ಎಂಬ ಊರಿದೆ. 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾನಿಲಯದವರು ಅಲ್ಲಿ ತಮಿಳು ಬ್ರಾಹ್ಮಿ ಅಕ್ಷರಗಳಿರುವ ವೀರಗಲ್ಲುಗಳನ್ನು ಕಂಡರು. ಎರಡು ಸಾವಿರ ವರ್ಷಕ್ಕೂ ಹಿಂದಿನವು, ನಮ್ಮ ದೇಶದಲ್ಲಿ ಬರಹವಿರುವ ವೀರಗಲ್ಲುಗಳಲ್ಲಿ ಅತ್ಯಂತ ಹಳೆಯವು ಎಂದು ಲೆಕ್ಕ. ಅದರಲ್ಲಿ ಒಂದು, ದನಗಳನ್ನು ಹಿಡಿಯುವ ಕಾಳಗದಲ್ಲಿ ಮಡಿದವನದು. ಕನ್ನಡ ನಾಡಿನ ಶಾಸನಗಳಲ್ಲಿ ಇಂಥ ಕಾಳಗವನ್ನು ತುರುಗೊಳ್ ಎನ್ನುತ್ತಾರೆ. ನಮ್ಮ ಎರಡೂ ಭಾಷೆಗಳ ಹಿರಿಯರು ಒಂದೇ ಬಗೆಯ ಕಲ್ಲು ನೆಟ್ಟು ಒಂದೇ ಬಗೆಯ ವೀರರನ್ನು ನೆನೆದಿದ್ದಾರೆ. ಬೋಡಿನಾಯಕನೂರಿನಲ್ಲಿ ಮೀನಿನ ಗುರುತಿರುವ ಪಾಂಡ್ಯರ ಕಾಲದ ಬೆಳ್ಳಿ ಮುದ್ರಾ ನಾಣ್ಯಗಳ ರಾಶಿ ಸಿಕ್ಕಿತ್ತು. ಪಳನಿ ಹತ್ತಿರದ ಕಲಯಮುತ್ತೂರಿನಲ್ಲಿ 1856ರಲ್ಲಿ ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕವು.

ವೈಗೈ ಹೊಳೆಯನ್ನೇ ಹಿಡಿದು ಕೆಳಗೆ ಹೋದರೆ ಶಿವಗಂಗೆ ಜಿಲ್ಲೆಯ ಕೀಳಡಿ. ಅಲ್ಲಿ 2015ರಿಂದ ಅಗೆತದ ಕೆಲಸ ನಡೆಯಿತು. ಅಲ್ಲಿ ಹೇಗೆ ಅಗೆದರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಗುಂಡಿಯನ್ನು ಚೌಕವಾಗಿ ಅಳೆದು, ಪದರ ಪದರವಾಗಿ ಮಣ್ಣು ತೆಗೆದು, ಪ್ರತಿ ವಸ್ತು ಎಷ್ಟು ಆಳದಲ್ಲಿತ್ತು, ಅದರ ಪಕ್ಕದಲ್ಲಿ ಏನಿತ್ತು ಎಂದು ಬರೆದಿಟ್ಟರು. 353 ಸೆಂಟಿಮೀಟರ್ ಆಳದಲ್ಲಿ ಸಿಕ್ಕ ಇದ್ದಿಲಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ ಅದು ಕ್ರಿ.ಪೂ. 580ರ ಹೊತ್ತಿನದು ಎಂದು ತಿಳಿದು, 2019ರಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಪ್ರಕಟಿಸಿತು. ಯಾರೋ ಹಾರೆ ಹಾಕಿ ಮಣ್ಣು ಕಲಸಿದ್ದರೆ ಆ 353 ಎಂಬ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ.

ಬ್ಯಾಂಕಿನವನಾದ ನನಗೆ ಇದು ಬಹಳ ಸುಲಭವಾಗಿ ಅರ್ಥವಾಗುತ್ತದೆ. ಲೆಡ್ಜರಿನಲ್ಲಿ ಐನೂರು ರೂಪಾಯಿ ಎಂದು ಮಾತ್ರ ಬರೆದಿದ್ದು, ತಾರೀಖು ಇಲ್ಲ, ಖಾತೆಯ ನಂಬರಿಲ್ಲ, ಜಮೆಯೋ ಖರ್ಚೋ ಗೊತ್ತಿಲ್ಲ ಎಂದರೆ ಆ ಐನೂರನ್ನು ಏನು ಮಾಡುವುದು? ಹಣವೇನೋ ಇದೆ, ಲೆಕ್ಕ ಇಲ್ಲ. ನೆಲದಿಂದ ಕಿತ್ತು ತಂದ ಹಳೆಯ ನಾಣ್ಯವೂ ಹಾಗೆಯೇ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಇತ್ತು ಎಂಬುದು ಅದರ ತಾರೀಖು ಮತ್ತು ಖಾತೆ ನಂಬರು. ಆ ಪುಟ ಒಮ್ಮೆ ಹರಿದರೆ ಮತ್ತೆ ಅಂಟಿಸಲು ಬರುವುದಿಲ್ಲ.

ಕಾಯಿದೆಯೂ ಇದನ್ನೇ ಹೇಳುತ್ತದೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕರೆ, ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಅಥವಾ ಎರಡೂ. ತಿಳಿಸಿದವರನ್ನು ಕಾಯಿದೆ ಬರಿಗೈಯಲ್ಲಿ ಕಳುಹಿಸುವುದಿಲ್ಲ. ವಾರಸುದಾರರಿಲ್ಲದ ನಿಧಿಯನ್ನು ಸಿಕ್ಕವರಿಗೂ ಜಮೀನಿನ ಒಡೆಯರಿಗೂ ಹಂಚಬೇಕಾದಾಗ, ಅವರಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ಸಿಕ್ಕವರಿಗೆ ಮುಕ್ಕಾಲು, ಒಡೆಯರಿಗೆ ಕಾಲು ಪಾಲು ಎಂದಿದೆ. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಗೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆಂದಿದೆ. ಇನ್ನು ಸರ್ಕಾರ ಸಂರಕ್ಷಿಸಿರುವ ಗುಡಿ, ಕೋಟೆ, ಶಾಸನ, ಸಮಾಧಿ ಇರುವ ಜಾಗದಲ್ಲಿ ಅಪ್ಪಣೆ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಅಪರಾಧ. ಮಗುವಿನ ಆಟ ಎಂದು ಅಲ್ಲಿ ಯಂತ್ರ ಹಿಡಿದು ಹೋಗುವುದೂ ಬೇಡ.

ಒಳ್ಳೆಯದಾಗಿ ನಡೆದುಕೊಂಡವರ ಕಥೆ ಮಕ್ಕಳಿಗೆ ಹೇಳಿ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಮೆಟಲ್ ಡಿಟೆಕ್ಟರ್ ಇದ್ದ ಗೆಳೆಯನನ್ನು ಕರೆದ. ಸುತ್ತಿಗೆಗೆ ಬದಲು ರೋಮನ್ ಕಾಲದ ಚಿನ್ನ ಬೆಳ್ಳಿ ಕಾಣಿಸಿತು. ಆತ ಪೂರ್ತಿ ತೋಡಲಿಲ್ಲ. ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವದವರು ಬಂದು ಅಗೆದಾಗ ಸುಮಾರು 15,000 ನಾಣ್ಯಗಳೂ ಒಡವೆ, ಚಮಚಗಳೂ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದ ಕ್ರಮದ ಸಮೇತ ತಿಳಿದವು. ಅವನಿಗೆ 17 ಲಕ್ಷ 50 ಸಾವಿರ ಪೌಂಡು ಬಹುಮಾನ ಬಂತು, ಅದನ್ನು ರೈತನೊಂದಿಗೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

2018ರ ಜನವರಿಯಲ್ಲಿ ಜರ್ಮನಿಯ ರ್ಯೂಗೆನ್ ದ್ವೀಪದಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗ, ಪುರಾತತ್ವದಲ್ಲಿ ಆಸಕ್ತಿಯಿದ್ದ ಹಿರಿಯರೊಬ್ಬರ ಜೊತೆ ಹುಡುಕುತ್ತಿದ್ದ. ಅಲ್ಯೂಮಿನಿಯಂ ಚೂರು ಎಂದುಕೊಂಡದ್ದು ತೊಳೆದಾಗ ಬೆಳ್ಳಿಯಾಗಿತ್ತು. ಅವರು ಇಲಾಖೆಗೆ ತಿಳಿಸಿ, ಅಗೆತ ಶುರುವಾಗುವ ಏಪ್ರಿಲ್‌ವರೆಗೆ ಯಾರಿಗೂ ಹೇಳದೆ ಕಾದರು. ಅಗೆಯುವಾಗ ಅವರನ್ನೂ ಸೇರಿಸಿಕೊಂಡರು. ಸುಮಾರು 600 ಬೆಳ್ಳಿ ನಾಣ್ಯ ಸಿಕ್ಕಿತು. ಅದರಲ್ಲಿ ನೂರಕ್ಕೂ ಹೆಚ್ಚು ಹೆರಾಲ್ಡ್ ಬ್ಲೂಟೂತ್ ಎಂಬ ಡೆನ್ಮಾರ್ಕಿನ ಅರಸನ ಕಾಲದ್ದು. ನಮ್ಮ ಮೊಬೈಲಿನಲ್ಲಿರುವ ಬ್ಲೂಟೂತ್ ಆ ಅರಸನ ಹೆಸರೇ. ಹುಡುಗನ ಮೂರು ತಿಂಗಳ ತಾಳ್ಮೆ ನೋಡಿ.

ಅಷ್ಟು ದೂರ ಏಕೆ? 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಅಡಿಪಾಯ ತೋಡುವಾಗ ಹಳೆಯ ಚಿನ್ನದ ಒಡವೆಗಳು ಸಿಕ್ಕವು. ಶಾಲೆಗೆ ಹೋಗುವ ಹುಡುಗನೂ ಅವನ ಮನೆಯವರೂ ಅದನ್ನು ಬಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿದರು. ಯಂತ್ರವೂ ಇರಲಿಲ್ಲ, ಸಿರಿತನವೂ ಇರಲಿಲ್ಲ. ಸಿಕ್ಕದ್ದನ್ನು ಹೇಳಬೇಕು ಎಂಬ ಬುದ್ಧಿ ಇತ್ತು.

ಆದ್ದರಿಂದ ಯಂತ್ರದ ಜೊತೆ ಮಗುವಿಗೆ ಮೂರು ಕಟ್ಟಳೆ ಕೊಡಿ. ಒಂದು, ಜಾಗದ ಒಡೆಯರನ್ನು ಕೇಳದೆ ತಟ್ಟೆ ಆಡಿಸಬಾರದು. ಎರಡು, ಒಂದು ಗೇಣಿಗಿಂತ ಆಳ ತೋಡಬಾರದು, ತೋಡಿದ ಗುಂಡಿಯನ್ನು ಮುಚ್ಚಿ ಕಾಲಿನಿಂದ ತುಳಿದೇ ಮುಂದೆ ಹೋಗಬೇಕು. ಮೂರು, ಮಡಕೆಯ ಚೂರು, ಸುಟ್ಟ ಇಟ್ಟಿಗೆ, ಅಕ್ಷರವಿರುವ ಕಲ್ಲು, ಹಳೆಯ ನಾಣ್ಯ ಕಂಡರೆ ಕೈ ನಿಲ್ಲಿಸಬೇಕು. ಅಲ್ಲಿಯೇ ಇರಲಿ, ಫೋಟೋ ತೆಗೆದು, ಗುರುತಿಗೆ ಒಂದು ಕಲ್ಲಿಟ್ಟು, ಮನೆಯಲ್ಲಿ ಹೇಳಲಿ. ನಾವು ಊರಿನ ಗ್ರಾಮಾಡಳಿತ ಅಧಿಕಾರಿಗೋ ತಹಸೀಲ್ದಾರರಿಗೋ ತಿಳಿಸಿ, ಕಲೆಕ್ಟರಿಗೆ ಬರೆದುಕೊಡೋಣ.

ಜೊತೆಗೆ ಒಂದು ನೂರು ಪುಟದ ನೋಟು ಪುಸ್ತಕ ಕೊಡಿಸಿ. ತಾರೀಖು, ಜಾಗ, ಯಂತ್ರದ ಸ್ವರ, ಎಷ್ಟು ಆಳ, ಏನು ಸಿಕ್ಕಿತು ಎಂದು ಐದು ಕಲಂ ಗೀಟು ಹಾಕಿಕೊಡಿ. ಮೊಳೆ ಸಿಕ್ಕರೂ ಬರೆಯಲಿ. ಕನ್ನಡದಲ್ಲಿ ಬರೆಯಲಿ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಬರೆಯುತ್ತಾರೆ. ಮನೆಯ ಭಾಷೆಯಲ್ಲಿ ಬರೆಯಲು ಅವರಿಗೆ ಬೇರೆ ಕಾರಣವೇ ಸಿಗುವುದಿಲ್ಲ. ಲಾಳ, ಕುಡುಗೋಲು, ಗೊಲಸು, ಕಣ ಎಂಬ ಮಾತುಗಳು ಆ ಪುಸ್ತಕದಲ್ಲಾದರೂ ಉಳಿಯಲಿ.

ಕೊನೆಗೆ ಕೊಳ್ಳುವವರಿಗೆ ಒಟ್ಟು ಲೆಕ್ಕ. ಮುಕ್ಕಾಲು ಕಿಲೋ ತೂಕ, ಉದ್ದ ಬದಲಾಗುವ ಕೋಲು, ಆರು ಅಂಗುಲದ ತಟ್ಟೆ, ಎರಡು ಮೂರು ಸ್ವರ, ಊರಿನಲ್ಲಿ ಸಿಗುವ ಸೆಲ್ಲು, ಸೈಕಲಿನ ಬೆಲೆ ಮೀರದ ಹಣ. ಇಷ್ಟಿದ್ದರೆ ಮಗುವಿನ ಮೊದಲ ಯಂತ್ರಕ್ಕೆ ಸಾಕು. ವಾರಕ್ಕೊಂದು ಸಂಜೆ ನೀವೂ ಅದರ ಹಿಂದೆ ನಾಲ್ಕು ಹೆಜ್ಜೆ ನಡೆಯಿರಿ.